ಹೊಸ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ವೈಫೈ ಆಗಾಗ ಕಡಿದುಹೋಗುತ್ತಿದೆ

ಪ್ರಶ್ನೆ:

ಹೊಸದಾಗಿ ಕೊಂಡ ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿ ಮನೆಯ ವೈಫೈ ಸರಿಯಾಗಿ ನಿಲ್ಲುತ್ತಿಲ್ಲ. ಸಿಗ್ನಲ್ ಪೂರ್ತಿ ಇದೆಯೆಂದೇ ತೋರಿಸುತ್ತದೆ. ಆದರೆ ಪುಟಗಳು ತೆರೆದುಕೊಳ್ಳುವುದಿಲ್ಲ, ವಿಡಿಯೊ ಕರೆಯಲ್ಲಿ ಎದುರಿನವರ ಮಾತು ತುಂಡುತುಂಡಾಗಿ ಕೇಳಿಸುತ್ತದೆ, ಕೆಲವೊಮ್ಮೆ ಸಂಪರ್ಕವೇ ಕಡಿದು ತುಸು ಹೊತ್ತಿನ ಬಳಿಕ ತಾನಾಗಿ ಮತ್ತೆ ಬರುತ್ತದೆ. ಅದೇ ಮೇಜಿನ ಮೇಲಿರುವ ಫೋನಿಗಾಗಲಿ ಹಳೆಯ ಲ್ಯಾಪ್‌ಟಾಪ್‌ಗಾಗಲಿ ಯಾವ ತೊಂದರೆಯೂ ಇಲ್ಲ. ರೂಟರನ್ನು ಆರಿಸಿ ಮತ್ತೆ ಹಚ್ಚಿ ನೋಡಿದ್ದಾಯಿತು, ಉಳಿಸಿದ್ದ ನೆಟ್‌ವರ್ಕನ್ನು ಅಳಿಸಿ ಪಾಸ್‌ವರ್ಡನ್ನು ಹೊಸದಾಗಿ ಕೊಟ್ಟದ್ದೂ ಆಯಿತು. ಹಳೆಯ ಕಡತಗಳನ್ನೆಲ್ಲ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ನಿಂದ ಇದಕ್ಕೆ ನಕಲು ಮಾಡುತ್ತಿರುವುದರಿಂದ ಲ್ಯಾಪ್‌ಟಾಪ್ ಬಹಳ ಹೊತ್ತು ಚಾಲೂ ಇರುತ್ತದೆ, ಬಿಸಿಯಾಗಿ ಹೀಗಾಗುತ್ತಿರಬಹುದೇ? ವೈರ್‌ಲೆಸ್ ಮೌಸ್ ಕೂಡ ನಡುನಡುವೆ ತಡವರಿಸುತ್ತದೆ, ಅದು ಬೇರೆಯೇ ವಿಷಯವಿರಬೇಕು. ವಾರಂಟಿ ಇರುವಾಗಲೇ ಬದಲಿ ಕೇಳುವುದು ಒಳ್ಳೆಯದೇ?

ಉತ್ತರ 1:

ಬಿಸಿಯ ಕಾರಣಕ್ಕೆ ವೈಫೈ ಮಾತ್ರ ಕೈಕೊಡುವ ಸಾಧ್ಯತೆ ಕಡಿಮೆ. ಡಿವೈಸ್ ಮ್ಯಾನೇಜರ್ (ಕಂಪ್ಯೂಟರಿನ ಭಾಗಗಳ ಪಟ್ಟಿ ತೋರಿಸುವ ವಿಂಡೋಸ್ ಸಾಧನ) ತೆರೆದು, ವೈಫೈ ಸಂಪರ್ಕ ಕಲ್ಪಿಸುವ ಭಾಗವಾದ ಅಡಾಪ್ಟರಿನ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಎಂಬ ಟ್ಯಾಬ್ ಇದ್ದರೆ, ವಿದ್ಯುತ್ ಉಳಿಸುವ ಸಲುವಾಗಿ ಅಡಾಪ್ಟರನ್ನು ಆರಿಸಲು ಕಂಪ್ಯೂಟರಿಗೆ ಅನುಮತಿ ಕೊಡುವ ಟಿಕ್ ಗುರುತನ್ನು ತೆಗೆಯಿರಿ. ಈಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಟ್ಯಾಬೇ ಇರುವುದಿಲ್ಲ, ಕಾಣದಿದ್ದರೆ ಗಾಬರಿ ಬೇಡ. ಅಡಾಪ್ಟರನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದಲೇ, ನಿಮ್ಮ ಮಾದರಿಯ ಸಂಖ್ಯೆಯನ್ನು ನೋಡಿಕೊಂಡು ಇಳಿಸಿಕೊಳ್ಳಿ. ಡ್ರೈವರ್‌ಗಳನ್ನೆಲ್ಲ ತಾನೇ ಹುಡುಕಿ ಕೊಡುತ್ತೇನೆನ್ನುವ ಜಾಹೀರಾತಿನ ತಂತ್ರಾಂಶಗಳ ಹತ್ತಿರವೂ ಸುಳಿಯಬೇಡಿ.

ಉತ್ತರ 2:

ನೀವು ಬೇರೆ ವಿಷಯವೆಂದು ಬದಿಗಿಟ್ಟ ಮೌಸ್‌ನಲ್ಲೇ ಸುಳಿವು ಇದೆಯೆಂದು ನನಗೆ ತೋರುತ್ತದೆ. ಯುಎಸ್‌ಬಿ ರಿಸೀವರ್ ಬಳಸುವ ವೈರ್‌ಲೆಸ್ ಮೌಸ್‌ಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ವೈಫೈಯ ಹಳೆಯ ಬ್ಯಾಂಡ್ (ರೇಡಿಯೊ ಆವರ್ತನದ ಪಟ್ಟಿ) ಕೂಡ ಅದೇ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗಳು ಸಾಮಾನ್ಯವಾಗಿ ಬಳಸುವ ಯುಎಸ್‌ಬಿ 3.0 ಸಂಪರ್ಕದಲ್ಲಿ ದತ್ತಾಂಶವು ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಹರಿಯುವಾಗ ಕನೆಕ್ಟರ್, ಕೇಬಲ್ ಮತ್ತು ಡಿಸ್ಕ್‌ನಿಂದ ಹೊಮ್ಮುವ ರೇಡಿಯೊ ಗದ್ದಲವು ಇದೇ ತರಂಗಗಳ ಮೇಲೆ ಬಂದು ಕೂರುತ್ತದೆ. ಇಂಟೆಲ್ ಸಂಸ್ಥೆಯು 2012ರಲ್ಲಿಯೇ ಇದರ ಬಗ್ಗೆ ತಾಂತ್ರಿಕ ಲೇಖನವೊಂದನ್ನು ಪ್ರಕಟಿಸಿತ್ತು. ಸಿಗ್ನಲ್ ಪೂರ್ತಿ ಕಾಣುವುದಕ್ಕೆ ಮರುಳಾಗಬೇಡಿ. ಆ ಗೆರೆಗಳು ರೂಟರಿನ ದನಿ ಎಷ್ಟು ಜೋರಾಗಿದೆ ಎಂಬುದನ್ನು ಹೇಳುತ್ತವೆಯೇ ಹೊರತು, ಪಕ್ಕದಲ್ಲಿ ಎಷ್ಟು ಗಲಾಟೆ ನಡೆದಿದೆ ಎಂಬುದನ್ನಲ್ಲ.

ವಿಡಿಯೊ ಕರೆ ನಡೆಯುತ್ತಿರುವಾಗ ನಕಲು ಮಾಡುವುದನ್ನು ನಿಲ್ಲಿಸಿ, ಡಿಸ್ಕನ್ನು ಕ್ರಮಬದ್ಧವಾಗಿ ಬೇರ್ಪಡಿಸಿ ಕೇಬಲ್ ತೆಗೆದು ನೋಡಿ. ಹಾಗೆಯೇ ಸೆಟ್ಟಿಂಗ್ಸ್‌ನಲ್ಲಿ ವೈಫೈ ಪ್ರಾಪರ್ಟೀಸ್ ತೆರೆದು, ಲ್ಯಾಪ್‌ಟಾಪ್ ಯಾವ ಬ್ಯಾಂಡ್‌ನಲ್ಲಿದೆ ಎಂಬುದನ್ನು ತಿಳಿಸಿ.

ಪ್ರಶ್ನೆ ಕೇಳಿದವರು:

ಡಿಸ್ಕ್ ತೆಗೆದೊಡನೆ ಮೌಸ್ ಸರಾಗವಾಯಿತು, ಕರೆಯೂ ಸ್ಪಷ್ಟವಾಯಿತು; ಮತ್ತೆ ಸಿಕ್ಕಿಸಿ ನಕಲು ಶುರುಮಾಡಿದರೆ ಮೊದಲಿನಂತೆಯೇ ಆಗುತ್ತದೆ. ಬ್ಯಾಂಡ್ 2.4 ಗಿಗಾಹರ್ಟ್ಸ್ ಎಂದಿದೆ, ಫೋನ್ 5ರಲ್ಲಿದೆ. ರೂಟರಿನಲ್ಲಿ ಎರಡಕ್ಕೂ ಒಂದೇ ಹೆಸರಿರುವುದರಿಂದ ಲ್ಯಾಪ್‌ಟಾಪನ್ನು 5ಕ್ಕೆ ತರುವುದು ಹೇಗೆಂದು ತಿಳಿಯುತ್ತಿಲ್ಲ.

ಉತ್ತರ 3:

ಹಲವು ಅಡಾಪ್ಟರ್‌ಗಳಲ್ಲಿ, ಡಿವೈಸ್ ಮ್ಯಾನೇಜರಿನ ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಪ್ರಿಫರ್ಡ್ ಬ್ಯಾಂಡ್ ಎಂಬ ಆಯ್ಕೆ ಇರುತ್ತದೆ. ಅಲ್ಲಿ 5 ಗಿಗಾಹರ್ಟ್ಸ್ ಆರಿಸಿದರೆ ಎರಡೂ ಸಿಗುವ ಕಡೆ ಲ್ಯಾಪ್‌ಟಾಪ್ ಅದನ್ನೇ ಮೊದಲು ಹಿಡಿಯುತ್ತದೆ. ಆ ಆಯ್ಕೆ ಇಲ್ಲದಿದ್ದರೆ ರೂಟರಿನಲ್ಲಿ 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರಿಟ್ಟು ಲ್ಯಾಪ್‌ಟಾಪನ್ನು ಅದಕ್ಕೆ ಮಾತ್ರ ಸೇರಿಸಿ. ರೂಟರಿನಲ್ಲಿ ಚಾನೆಲ್ (ಬ್ಯಾಂಡ್‌ನೊಳಗಿನ ಒಂದು ಚಿಕ್ಕ ಭಾಗ) 36ರಿಂದ 48ರೊಳಗೆ ಇರಲಿ: 52ರಿಂದ ಮೇಲಿನ ಹಲವು ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುವುದರಿಂದ, ಅಂಥ ಸಂಕೇತ ಕಂಡೊಡನೆ ರೂಟರ್ ಚಾನೆಲ್ ಬಿಟ್ಟುಕೊಡಬೇಕಾಗುತ್ತದೆ, ಆಗ ನಿಮ್ಮ ಸಂಪರ್ಕ ಇನ್ನೊಂದು ಕಾರಣಕ್ಕೆ ಕಡಿಯುತ್ತದೆ. 5 ಗಿಗಾಹರ್ಟ್ಸ್ ಗೋಡೆಗಳನ್ನು ದಾಟುವುದರಲ್ಲಿ ದುರ್ಬಲವಾದರೂ, ಅದೇ ಮೇಜಿನ ಮೇಲೆ ಫೋನಿಗೆ ಸಿಗುತ್ತಿರುವಾಗ ಲ್ಯಾಪ್‌ಟಾಪ್‌ಗೂ ಸಿಕ್ಕೀತು.

ಮೌಸ್ ಮಾತ್ರ 2.4ರಲ್ಲೇ ಉಳಿಯುತ್ತದೆ. ಅದರ ರಿಸೀವರನ್ನು ಡಿಸ್ಕ್ ಇರುವ ಪೋರ್ಟಿನ ಎದುರು ಬದಿಗೆ ಹಾಕಿ, ಅಥವಾ ಚಿಕ್ಕ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲಿನಿಂದ ದೂರಕ್ಕೆ ತನ್ನಿ. ವಾರಂಟಿಯ ಮಾತು ಸದ್ಯಕ್ಕೆ ಬೇಡ. ಡಿಸ್ಕ್ ಸಿಕ್ಕಿಸದೆ, ರೂಟರಿನ ಪಕ್ಕದಲ್ಲೇ ಕುಳಿತಾಗಲೂ ಸಂಪರ್ಕ ಕಡಿದರೆ ಆಗ ಕೇಳಿ.