ಸಹಾಯ ಬೇಕು: ಬೈಕಿನಲ್ಲಿ ಒಯ್ಯುವಂಥ ಮೈಟರ್ ಸಾ (ಕೋನಕ್ಕೆ ಸರಿಯಾಗಿ ಮರ ಕೊಯ್ಯುವ ಮಷೀನು) ಯಾವುದು ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಮರಗೆಲಸದ ಶೆಡ್ ಇದೆ. ಅರ್ಧ ಕೆಲಸ ಹೊರಗಡೆ. ಹರಿಹರ, ಜಗಳೂರು ಕಡೆ ಬಾಗಿಲು ಕೂರಿಸೋದು, ಬೀಡಿಂಗ್ (ಅಂಚಿನ ತೆಳು ಮರದ ಪಟ್ಟಿ) ಹೊಡೆಯೋದು, ಕಿಟಕಿ ರಿಪೇರಿ. ಸಾಮಾನೆಲ್ಲ ಬೈಕಿನಲ್ಲೇ ಹೋಗಬೇಕು.

ಈಗ ಕೈ ಕಟರ್‌ನಲ್ಲೇ 45 ಡಿಗ್ರಿ ಕೊಯ್ಯುತ್ತಿದ್ದೇನೆ. ಪಟ್ಟಿ ಇಟ್ಟು ಕ್ಲ್ಯಾಂಪ್ ಹಾಕಿಯೂ ನೋಡಿದೆ. ಆದರೂ ಬೀಡಿಂಗ್ ಸೇರುವ ಮೂಲೆಯಲ್ಲಿ ಕೂದಲೆಳೆಯಷ್ಟು ಸಂದಿ ಉಳಿಯುತ್ತದೆ. ಪುಟ್ಟಿ ತುಂಬಿದರೂ ತೇಗದ ಮೇಲೆ ಪಾಲಿಶ್ ಬಿದ್ದ ತಕ್ಷಣ ಆ ಗೆರೆ ಎದ್ದು ಕಾಣುತ್ತದೆ. ಮನಸ್ಸಿಗೆ ಸಮಾಧಾನವೇ ಆಗುವುದಿಲ್ಲ.

ಅದಕ್ಕೇ ಮೈಟರ್ ಸಾ ತಗೊಳ್ಳೋಣ ಅಂತ ಅಂಗಡಿಗಳಲ್ಲಿ ವಿಚಾರಿಸಿದೆ. ಒಬ್ಬೊಬ್ಬರದು ಒಂದೊಂದು ಮಾತು. ಸ್ಲೈಡ್ (ಬ್ಲೇಡನ್ನು ಹಿಂದೆ ಮುಂದೆ ಎಳೆಯುವ ರಾಡ್) ಇಲ್ಲದ, 10 ಇಂಚು ಬ್ಲೇಡಿನದು ಗಟ್ಟಿ, ಆದರೆ ಐದಾರು ಇಂಚಿಗಿಂತ ಅಗಲದ ಹಲಗೆ ಒಂದೇ ಸಲಕ್ಕೆ ಆಗಲ್ಲ. ಸ್ಲೈಡ್ ಇರುವ ಎಂಟೂವರೆ ಇಂಚಿನದು, ಅಂದರೆ 216 ಎಂಎಂ ಬ್ಲೇಡಿನದು, ಸುಮಾರು 12 ಇಂಚು ಅಗಲ ಕೊಯ್ಯುತ್ತದೆ. ಎತ್ತರ ಮಾತ್ರ ಎರಡೂವರೆ ಇಂಚಿನ ಆಸುಪಾಸು. 5x3 ಇಂಚಿನ ಚೌಕಟ್ಟಿನ ಮರವಾದರೆ ತಿರುವಿ ಹಾಕಿ ಕೊಯ್ಯಬೇಕು, ಅಲ್ವಾ? ಅದನ್ನು ಹೇಗೋ ಸುಧಾರಿಸಬಹುದು.

ನನಗೆ ತಲೆನೋವಾಗಿರುವುದು ಸ್ಲೈಡ್ ರಾಡ್. ಹಳ್ಳಿ ರಸ್ತೆಯಲ್ಲಿ ಬೈಕ್ ಕುಲುಕಿ ಕುಲುಕಿ ರಾಡ್ ಸಡಿಲವಾದರೆ ಮೂಲೆ ಮತ್ತೆ ಕೂರಲ್ಲ. ದುಡ್ಡು ಸುಮ್ನೆ ಹೋಗುತ್ತದೆ.

ಹೀಗೆ ದಿನಾ ಒಯ್ಯುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ಎಂಟೂವರೆ ಇಂಚಿನ ಸ್ಲೈಡಿಂಗ್ ಮಷೀನಿನಲ್ಲಿ 45 ಡಿಗ್ರಿ ಹಾಗೇ ನಿಲ್ಲುತ್ತದಾ, ಇಲ್ಲ ಸ್ಲೈಡ್ ಇಲ್ಲದ 10 ಇಂಚಿನದೇ ವಾಸಿಯಾ? ತೇಗದ ಬೀಡಿಂಗ್ ಅಂಚು ಸಿಗಿಯದಂತೆ ಎಷ್ಟು ಹಲ್ಲಿನ ಬ್ಲೇಡ್ ಹಾಕುತ್ತೀರಿ?