‘ದಿ ಲೆಫ್ಟ್ ಹ್ಯಾಂಡೆಡ್ ಗನ್’ ತೋರಿಸೋ ಮುಂಚೆ ಹುಡುಗರಿಗೆ ಏನು ಹೇಳಬೇಕು?

ಬೆಣ್ಣೆದೋಸೆ (ದಾವಣಗೆರೆ):
ಕಾಲೇಜು ಹುಡುಗರಿಗೆ ಆರ್ಥರ್ ಪೆನ್‌ನ ಈ 1958ರ ಸಿನಿಮಾ ಹಾಕ್ತಿದೀವಿ. 102 ನಿಮಿಷ, ಹಾಲ್ ಎರಡೂವರೆ ಗಂಟೆ ಸಿಗುತ್ತೆ. ಕೌಬಾಯ್ ಅಂದ್ರೆ ಢಿಶುಂ ಢಿಶುಂ ಅಂದ್ಕೊಂಡು ಬರ್ತಾರೆ, ಇಲ್ಲಿ ಅಮೆರಿಕದ ಹಳೇ ಬಂದೂಕುಗಾರ ಬಿಲ್ಲಿ ದಿ ಕಿಡ್ ಆಗಿ ಪಾಲ್ ನ್ಯೂಮನ್ ಒಳಗೊಳಗೇ ಒದ್ದಾಡ್ತಿರ್ತಾನೆ. ಮೊದಲು ಏನು ಹೇಳಲಿ? ಯಾವ ಸೀನ್ ಮತ್ತೆ ಹಾಕಲಿ? ನಿಜವಾದ ಬಿಲ್ಲಿ ಎಡಚನಾ?

ಹಳೇರೀಲ್:
ಎಡಚ ಅಂತ ನಂಬಿಸಿದ್ದು ಒಂದು ಫೋಟೊ ಸರ್. ಅದು ಟಿನ್‌ಟೈಪ್, ತಗಡಿನ ಮೇಲೇ ನೇರ ಮೂಡಿದ್ದು. ನೆಗೆಟಿವ್ ಇಲ್ಲದ್ದಕ್ಕೆ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲು. ಕೈಯಲ್ಲಿರೋ 1873ರ ಮಾಡೆಲ್ ವಿಂಚೆಸ್ಟರ್‌ಗೆ ಗುಂಡು ತುಂಬೋ ಕಿಂಡಿ ಬಲಮಗ್ಗುಲಲ್ಲಿರಬೇಕು, ಫೋಟೊದಲ್ಲಿ ಎಡಕ್ಕಿದೆ. ಮೊಬೈಲಲ್ಲಿ ಫ್ಲಿಪ್ ಮಾಡಿ ತೋರಿಸಿ, ಎರಡು ನಿಮಿಷದ ಕೆಲಸ.

ಅದಕ್ಕಿಂತ ದೊಡ್ಡ ಬದಲಾವಣೆ ಬಿಲ್ಲಿಗೆ ಕೆಲಸ ಕೊಟ್ಟ ರ‍್ಯಾಂಚ್ ಮಾಲೀಕ ಟನ್‌ಸ್ಟಲ್‌ದು. ನ್ಯೂ ಮೆಕ್ಸಿಕೊದ ಲಿಂಕನ್ ಕೌಂಟಿಯಲ್ಲಿ 1878ರ ಫೆಬ್ರುವರಿ 18ರಂದು ಕೊಲೆಯಾದಾಗ ಅವನಿಗೆ ಬರೀ 24 ವರ್ಷ. ಸಿನಿಮಾದಲ್ಲಿ ಹಿರಿಯ. ಬಿಲ್ಲಿ 1879ರಲ್ಲಿ ಗವರ್ನರ್ ಲ್ಯೂ ವಾಲೇಸ್‌ಗೆ ಕಾಗದ ಬರೆದವನು, ಸಿನಿಮಾದಲ್ಲಿ ಓದು ಬಾರದವನು. ಎರಡೂ ಬೇಕಂತಲೇ. ಅನಾಥ ಹುಡುಗನಿಗೆ ಅಪ್ಪ ಸಿಕ್ಕ, ಸಿಕ್ಕಷ್ಟೇ ಬೇಗ ಹೋದ. ಇಡೀ ಸಿನಿಮಾ ನಿಂತಿರೋದು ಅದರ ಮೇಲೆ.

ಕೋಟೆಹುಡುಗ (ಚಿತ್ರದುರ್ಗ):
ನಮ್ಮ ಕಡೆ ಹುಡುಗರಿಗೆ ‘ನಾಗರಹಾವು’ (1972) ನೆನಪಿಸಿ ಸಾಕು: ರಾಮಾಚಾರಿ, ಚಾಮಯ್ಯ ಮೇಷ್ಟ್ರು. ವ್ಯತ್ಯಾಸ ಏನಂದ್ರೆ, ಮೇಷ್ಟ್ರು ಕೊನೇತನಕ ಬದುಕಿದ್ದು ಹುಡುಗನ ದಾರಿಗೆ ಅಡ್ಡ ನಿಲ್ತಾರೆ. ಟನ್‌ಸ್ಟಲ್ ಶುರುವಿಗೇ ಸತ್ತು ಸೇಡಿಗೆ ನೆಪ ಆಗ್ತಾನೆ.

ಮತ್ತೆ ಹಾಕೋಕೆ ಎರಡು ಸೀನ್. ಆವಿ ಕಟ್ಟಿದ ಕಿಟಕಿ ಗಾಜಿನ ಮೇಲೆ ಬಿಲ್ಲಿ ಬೆರಳಲ್ಲಿ ಹೊಂಚಿನ ನಕ್ಷೆ ಬರೀತಾನಲ್ಲ, ಅದು. ಆಮೇಲೆ ಜೈಲಿಂದ ತಪ್ಪಿಸಿಕೊಳ್ಳುವಾಗ ಡೆಪ್ಯುಟಿ ಒಲಿಂಜರ್‌ಗೆ ಗುಂಡು ಹೊಡೆಯೋದು. ಹೊಡೆತಕ್ಕೆ ಬೂಟು ಅಲ್ಲೇ ಉಳಿಯುತ್ತೆ, ಒಂದು ಪುಟ್ಟ ಹುಡುಗಿ ನಗ್ತಾಳೆ, ಅವಳಮ್ಮ ಕಪಾಳಕ್ಕೆ ಕೊಡ್ತಾಳೆ. ಬೀಳೋದು ಒಂದು ತುಣುಕು ನಿಧಾನ, ಒಂದು ತುಣುಕು ವೇಗ. 1967ರ ‘ಬಾನಿ ಅಂಡ್ ಕ್ಲೈಡ್’ ಕೊನೆಯಲ್ಲಿ ಪೆನ್ ಬೆಳೆಸಿದ್ದು ಇದನ್ನೇ.

ಪ್ರೊಜೆಕ್ಟರ್ಬಾಬು:
ಅದು ಕಾಣಬೇಕು ಅಂದ್ರೆ ಟಿವಿ ಅಥವಾ ಪ್ರೊಜೆಕ್ಟರ್‌ನಲ್ಲಿ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಆನ್ ಇದ್ರೆ ಇಲ್ಲದ ಫ್ರೇಮ್‌ಗಳನ್ನ ತಾನೇ ತುಂಬಿಸಿ, ನಿಧಾನ-ವೇಗ ಎರಡನ್ನೂ ಒಂದೇ ಹದಕ್ಕೆ ಅರೆದು ಹಾಕುತ್ತೆ. ಪಿಕ್ಚರ್ ಮೋಡ್ ‘ವಿವಿಡ್’ ಬೇಡ, ಕಪ್ಪು-ಬಿಳುಪಲ್ಲಿ ನೆರಳೆಲ್ಲ ಮುಚ್ಚಿಹೋಗುತ್ತೆ. ಹಗಲು ಶೋ ಆದ್ರೆ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ. ಕ್ಲೈಮ್ಯಾಕ್ಸ್ ರಾತ್ರಿ ನಡೆಯೋದು.

ಬೆಣ್ಣೆದೋಸೆ:
ಉಪಕಾರ ಆಯ್ತು. ಕ್ಲೈಮ್ಯಾಕ್ಸೂ ಮತ್ತೆ ಹಾಕಲಾ?

ಹಳೇರೀಲ್:
ಹಾಕಿ, ಆದ್ರೆ ಮುಖ ಬಿಟ್ಟು ಕೈ ನೋಡೋಕೆ ಹೇಳಿ. ಖಾಲಿ ಹೋಲ್‌ಸ್ಟರ್‌ಗೆ ಕೈ ಹಾಕಿ ಗನ್ ಎಳೆದ ಹಾಗೆ ಮಾಡ್ತಾನೆ, ಅವನ ಬೆನ್ನು ಹತ್ತಿದ ಶೆರಿಫ್ ಪ್ಯಾಟ್ ಗ್ಯಾರೆಟ್ ಸುಡ್ತಾನೆ. ಇದು ಸಿನಿಮಾದವರ ಕಲ್ಪನೆ. 1881ರ ಜುಲೈ 14ರ ರಾತ್ರಿ ಫೋರ್ಟ್ ಸಮ್ನರ್‌ನಲ್ಲಿ ಗ್ಯಾರೆಟ್ ಹೊಡೆದದ್ದು ಕತ್ತಲ ಕೋಣೆಯೊಳಗಿಂದ. ಆಮೇಲಿನ ತುಣುಕಿನ ಬಗ್ಗೆ ಪೆನ್‌ನ ಬೈಯ್ಯಬೇಡಿ, ಕೊನೇ ಎಡಿಟಿಂಗ್ ಸ್ಟುಡಿಯೊದವರದ್ದು.