ವಾಟರ್ ಪಾರ್ಕಿಗೆ ಮನೆಯಿಂದ ಏನೇನು ಕಟ್ಟಿಕೊಂಡು ಹೋದರೆ ದುಡ್ಡು ಉಳಿಯುತ್ತೆ? ಹೋಗಿ ಬಂದವರು ಹೇಳಿ

ಹಾಸನ, ಕೇಳುತ್ತಿರುವವಳು

ಮೇ ಮೊದಲ ವಾರ ಬಿಡದಿಯ ವಂಡರ್‌ಲಾಗೆ ಹೋಗೋಣ ಅಂತ ಇದ್ದೇವೆ. ನಾವಿಬ್ಬರು, ಎರಡು ಮಕ್ಕಳು, ನಮ್ಮತ್ತೆ. ಟಿಕೆಟ್ಟಿಗೇ ಕೈ ಖಾಲಿಯಾಗುತ್ತೆ. ಅಲ್ಲಿ ಹೋಗಿ ಚಡ್ಡಿ, ಟವೆಲ್, ಮೊಬೈಲ್ ಕವರ್ ಅಂತ ಮತ್ತೆ ಸುರಿಯೋದು ಬೇಡ. ಈಗಿನಿಂದಲೇ ಒಂದೊಂದಾಗಿ ತೆಗೆದಿಟ್ಟರೆ ನಿಜವಾಗಿ ಉಳಿಯುತ್ತಾ? ನಮ್ಮೆಜಮಾನರು "ಎಲ್ಲಾ ಅಲ್ಲೇ ಸಿಗುತ್ತೆ, ಸುಮ್ನಿರು" ಅಂತಾರೆ.

ಚಿಕ್ಕಮಗಳೂರು, ಮೂರು ಮಕ್ಕಳ ತಾಯಿ

ಎಲ್ಲಾ ಅಲ್ಲೇ ಸಿಗುತ್ತೆ, ನಿಜ. ರೇಟೂ ಅಲ್ಲೇ ಗೊತ್ತಾಗುತ್ತೆ.

ನಾನು ದೀಪಾವಳಿ ಮುಗಿದ ಮೇಲೆ ಶುರು ಮಾಡಿದ್ದು. ಆಗ ಈಜುಡುಗೆ ಯಾರೂ ಕೇಳಲ್ಲ, ಅಂಗಡಿಯವರೇ ಕೆಳಗಿಳಿಸಿ ಕೊಡುತ್ತಾರೆ. ಮಕ್ಕಳಿಗೆ ನೈಲಾನ್ ಚಡ್ಡಿ ಮೂರು, ತಲಾ 120. ತುಂಬು ತೋಳಿನ ಟೀ ಶರ್ಟ್ ಮೂರು, ತಲಾ 180. ನನಗೆ ಲೆಗ್ಗಿಂಗ್ಸ್ 250, ಟಾಪ್ 300. ನಮ್ಮವರಿಗೆ ಚಡ್ಡಿ 200. ಮೊಬೈಲಿಗೆ ನೀರು ಹೋಗದ ಪೌಚ್ ಎರಡು, 198. ದೊಡ್ಡವನ ಕನ್ನಡಕಕ್ಕೆ ಹಿಂದಿನಿಂದ ಬಿಗಿಯೋ ಎಲಾಸ್ಟಿಕ್ ಪಟ್ಟಿ 40. ಒಟ್ಟು 1,888. ಬೀರುವಿನ ಬಾಗಿಲ ಒಳಗೆ ಚೀಟಿ ಅಂಟಿಸಿ ಬರೆದಿಟ್ಟಿದ್ದೆ, ಅದಕ್ಕೇ ಬಾಯಿಪಾಠ.

ನಮ್ಮ ಜೊತೆ ಪಕ್ಕದ ಮನೆಯವರೂ ಬಂದಿದ್ದರು. ಅವರು ಖಾಲಿ ಕೈ ಬೀಸಿಕೊಂಡು ಬಂದರು. ನಾಲ್ಕು ಜನರ ಬಟ್ಟೆಗೇ 2,600 ಕೊಟ್ಟರು. ಪೌಚ್ ಬೇರೆ. ನಾವು ಹೋಗಿದ್ದು ಯಾವ ಪಾರ್ಕು ಅಂತ ಹೇಳಲ್ಲ, ಆ ಕತೆ ಎಲ್ಲಾ ಕಡೆನೂ ಒಂದೇ. ಆಕೆ ಇವತ್ತಿಗೂ ನನ್ನ ಮುಖ ನೋಡಿದರೆ ಆ ವಿಷಯ ಎತ್ತಲ್ಲ.

ಹಾಸನ, ಬಟ್ಟೆ ವ್ಯಾಪಾರ

1,888 ಖರ್ಚು ಮಾಡಿ ಅದನ್ನ ಉಳಿತಾಯ ಅಂತೀರಲ್ಲ ಅಕ್ಕ! ಮಕ್ಕಳ ಶಾಲೆ ಪಿ.ಟಿ. ಡ್ರೆಸ್ ಇಲ್ವಾ ಮನೆಯಲ್ಲಿ? ಆ ಟ್ರ್ಯಾಕ್ ಪ್ಯಾಂಟು, ಕಾಲರ್ ಟೀ ಶರ್ಟು ಬಹುಪಾಲು ಪಾಲಿಯೆಸ್ಟರೇ. ಒಳಗಿನ ಲೇಬಲ್ ತಿರುಗಿಸಿ ನೋಡಿ.

ಪಾರ್ಕಿನವರು ಕಾಟನ್ ಬೇಡ ಅನ್ನೋದು ಚಡ್ಡಿ ಮಾರೋದಕ್ಕೆ ಅಂತ ಜನ ಬೈಯುತ್ತಾರೆ. ಹತ್ತಿ ನೀರು ಹೀರಿ ಭಾರ ಆಗುತ್ತೆ, ಜಾರುವಾಗ ಎಳೆಯುತ್ತೆ. ಎಳೆ ಉದುರಿ ಫಿಲ್ಟರ್‌ಗೆ ಸಿಕ್ಕಿಕೊಳ್ಳುತ್ತೆ, ಬಣ್ಣ ಬಿಡುತ್ತೆ. ಲೋಹದ ಜಿಪ್ಪು, ಗುಂಡಿ ಇದ್ದರೆ ಜಾರುಬಂಡಿಗೆ ಗೀರು. ಹೆಂಗಸರು ಮೋಸ ಹೋಗೋದು ಲೆಗ್ಗಿಂಗ್ಸ್‌ನಲ್ಲಿ. ಎಳೆದರೆ ರಬ್ಬರ್ ತರ ಹಿಗ್ಗುತ್ತೆ ಅಂತ ನೈಲಾನ್ ಅಂದುಕೊಳ್ಳುತ್ತಾರೆ. ಮಾಮೂಲಿ ಲೆಗ್ಗಿಂಗ್ಸ್‌ನಲ್ಲಿ ಹೆಚ್ಚು ಪಾಲು ಹತ್ತಿಯೇ, ಲೈಕ್ರಾ ಚೂರು. ಲೇಬಲ್ ಇಲ್ಲದಿದ್ದರೆ ರಾತ್ರಿ ಒದ್ದೆ ಮಾಡಿ ಹಿಂಡಿ ಫ್ಯಾನ್ ಕೆಳಗೆ ಹಾಕಿ. ಬೆಳಿಗ್ಗೆ ಸೊಂಟದ ಪಟ್ಟಿ ಇನ್ನೂ ತಣ್ಣಗಿದ್ದರೆ ಅದು ಕಾಟನ್.

ಅಕ್ಕ ತೊಗೊಂಡಿರೋ 120 ರೂಪಾಯಿ ಚಡ್ಡಿ ಹೊಲಿಗೆ ಎಷ್ಟು ದಿನ ಬಂತು ಅಂತ ಕೇಳಿ.

ಚಿಕ್ಕಮಗಳೂರು, ಮೂರು ಮಕ್ಕಳ ತಾಯಿ

ಬಂತು. ಈಗ ಚಿಕ್ಕವಳು ಹಾಕುತ್ತಾಳೆ. ಪಿ.ಟಿ. ಡ್ರೆಸ್ ಹಾಕಿ ಕ್ಲೋರಿನ್ ನೀರಿಗೆ ಇಳಿಸಿದರೆ ಬೆನ್ನ ಮೇಲಿನ ಶಾಲೆ ಹೆಸರು ಅರ್ಧ ಎದ್ದು ಹೋಗುತ್ತೆ ಸರ್. ಜೂನ್‌ನಲ್ಲಿ ಹೊಸ ಜೊತೆಗೆ 650 ಯಾರು ಕೊಡ್ತಾರೆ, ನೀವಾ? ಮಾರೋರಿಗೆ ಎರಡೂ ಕಡೆ ಲಾಭ.

ಮೂಡಿಗೆರೆ, ತೋಟದವನು

ನೀವಿಬ್ಬರೂ ಚಡ್ಡಿ ಹಿಡಿದು ಜಗ್ಗಾಡುತ್ತಿದ್ದೀರಿ. ದುಡ್ಡು ಹೋಗೋದು ಹೊಟ್ಟೆಗೆ.

ಕಾಫಿ ಕೊಯ್ಲು ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಹೊರಟೆವು, ಏಳು ಜನ, ಒಂದು ಗಾಡಿ. ನಮ್ಮಮ್ಮ ಬೆಳಗಿನ ಜಾವ ಎದ್ದು ಪುಳಿಯೋಗರೆ ಕಲಸಿದ್ದರು. ದೊಡ್ಡ ಸ್ಟೀಲ್ ಡಬ್ಬಿ ಕಂಠಮಟ್ಟ. ಕೋಡುಬಳೆ ಒಂದು ಡಬ್ಬಿ, ಚಕ್ಕುಲಿ ಒಂದು ಡಬ್ಬಿ, ಬಾಳೆಹಣ್ಣು ಅರ್ಧ ಗೊನೆ. ಗೇಟಿನಲ್ಲಿ ಹುಡುಗನೊಬ್ಬ ಚೀಲ ಬಿಚ್ಚಿಸಿದ. ಹೊರಗಿನ ತಿಂಡಿ ಬಿಡಲ್ಲ ಅಂದ. "ಅಪ್ಪಾ, ನಮ್ಮಮ್ಮಂಗೆ ಶುಗರ್ ಇದೆ, ಹೊತ್ತಿಗೆ ಸರಿಯಾಗಿ ತಿನ್ನಬೇಕು" ಅಂದೆ. ಮಾತ್ರೆ ಒಳಗೆ ತೊಗೊಂಡು ಹೋಗಿ, ಡಬ್ಬಿ ಹೊರಗಿಡಿ ಅಂದ.

ಡಬ್ಬಿ ವಾಪಸ್ ಡಿಕ್ಕಿಗೆ. ಏಪ್ರಿಲ್ ಬಿಸಿಲು. ಒಳಗೆ ಊಟ ತಲೆಗೆ 220, ಏಳು ಜನಕ್ಕೆ 1,540. ಮಕ್ಕಳ ಐಸ್‌ಕ್ರೀಮು, ಜೋಳ ಸೇರಿಸಬೇಡಿ, ಲೆಕ್ಕ ಹಾಕಿದರೆ ಮೈ ಉರಿಯುತ್ತೆ. ಸಂಜೆ ಬಂದು ಡಿಕ್ಕಿ ಎತ್ತಿದರೆ ಹುಣಸೆಹುಳಿ ವಾಸನೆ ಬೇರೇನೋ ಆಗಿತ್ತು. ಪುಳಿಯೋಗರೆ ಪೂರ್ತಿ ದನಕ್ಕೆ. ಪಾರ್ಕಿನ ಹೆಸರು ಬೇಡ. ಬಡವರ ಬುತ್ತಿಗೆ ಗೇಟಿನಲ್ಲಿ ಜಾಗ ಇಲ್ಲ, ಅಷ್ಟೇ.

ಬೇಲೂರು, ಹೊಸ ತಾಯಿ

ತೋಟ ಇಟ್ಟುಕೊಂಡು ಬಡವರು ಅಂತೀರಲ್ಲ ಅಣ್ಣಾ 😄

ಎಳೆ ಮಗುವಿನ ಆಹಾರಕ್ಕೆ ಸಾಮಾನ್ಯವಾಗಿ ಬಿಡುತ್ತಾರೆ. ನಮ್ಮ ಪಾಪುವಿನ ರಾಗಿ ಸರಿ, ಬಿಸಿನೀರಿನ ಫ್ಲಾಸ್ಕ್ ತೋರಿಸಿದೆ. ಡೈಪರ್ ಕೆಳಗೆ ಕೋಡುಬಳೆ, ನಿಪ್ಪಟ್ಟು ಇತ್ತು. ಯಾರು ಡೈಪರ್ ಎತ್ತಿ ನೋಡ್ತಾರೆ! ಮಧ್ಯಾಹ್ನ ಎಲ್ಲರೂ ಒಂದೊಂದು ಮುರಿದುಕೊಂಡು ತಿಂದೆವು, ಊಟ ಎರಡೇ ಪ್ಲೇಟ್ ತೊಗೊಂಡೆವು.

ಹಾಸನ, ನಿವೃತ್ತ ಮೇಷ್ಟ್ರು

ಪಾಪುವಿಗೆ ಇನ್ನೂ ಮಾತು ಬಂದಿಲ್ಲ, ಆಗಲೇ ಕಳ್ಳತನ ಕಲಿಸಿದಿರಿ. ನಿಯಮ ಟಿಕೆಟ್ಟಿನಲ್ಲೇ ಅಚ್ಚಾಗಿರುತ್ತೆ. ಓದುವ ಅಭ್ಯಾಸ ಯಾರಿಗೂ ಇಲ್ಲ. ನಾವು ಬೆಳಿಗ್ಗೆ ಹೊಟ್ಟೆ ತುಂಬಾ ತಿಂದು ಒಳಗೆ ಹೋಗುತ್ತೇವೆ, ಸಂಜೆ ಹೊರಗೆ ಬಂದು ತಿನ್ನುತ್ತೇವೆ. ನಡುವೆ ಮಜ್ಜಿಗೆ. ಯಾರೂ ಸತ್ತಿಲ್ಲ.

ಬೇಲೂರು, ಹೊಸ ತಾಯಿ

ಹಾಲೂಡಿಸೋಳು ಮಜ್ಜಿಗೆ ಕುಡಿದು ಸಂಜೆ ತನಕ ಇರಬೇಕಾ ಮೇಷ್ಟ್ರೇ? ನಿಮ್ಮ ಹೆಂಡತಿ ಹತ್ತಿರ ಒಮ್ಮೆ ಕೇಳಿ ನೋಡಿ.

ಅರಸೀಕೆರೆ, ಬಸ್ಸಿನಲ್ಲಿ ಓಡಾಡುವವನು

ಎಲ್ಲರೂ ಕಾರಿನ ಡಿಕ್ಕಿ ಲೆಕ್ಕದಲ್ಲಿ ಮಾತಾಡುತ್ತಿದ್ದೀರಿ. ನಮ್ಮದು ಕೆಂಪು ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಅಮ್ಮ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಆಧಾರ್ ತೋರಿಸಿದರು, ಸೊನ್ನೆ ಟಿಕೆಟ್. ನನ್ನದೊಂದೇ ದುಡ್ಡು. ರಾಜಹಂಸ, ಐರಾವತ ಹತ್ತಿದರೆ ಅದು ನಡೆಯಲ್ಲ, ಮಾಮೂಲಿ ಬಸ್ಸೇ ಆಗಬೇಕು.

ಬಸ್ಸಿನಲ್ಲಿ ಹೋದರೆ ಜಾಸ್ತಿ ಕಟ್ಟಿಕೊಳ್ಳೋದೇ ನಷ್ಟ. ಯಾಕೆ ಅಂದರೆ ಲಾಕರ್. ಚಿಕ್ಕ ಲಾಕರ್‌ಗೆ ಶಾಲೆ ಬ್ಯಾಗು ಹಿಡಿಯುತ್ತೆ. ನಮ್ಮ ಭಾವಮೈದ ಗಾಲಿ ಸೂಟ್‌ಕೇಸ್ ಎಳೆದುಕೊಂಡು ಬಂದಿದ್ದ. ಹಾಕಿ ತಿರುಗಿಸಿ ನೋಡಿದ, ಹಿಡಿಯಲಿಲ್ಲ. ದೊಡ್ಡ ಲಾಕರ್ ಒಂದು, ಅವನ ಹೆಂಡತಿ ವ್ಯಾನಿಟಿಗೆ ಇನ್ನೊಂದು. ಮನೆಯಿಂದ ತಂದು ಉಳಿಸಿದ ದುಡ್ಡು ಲಾಕರ್ ಬಾಡಿಗೆಗೆ ಸರಿಹೋಯಿತು. ನಾನು ತಲೆಗೆ ಒಂದು ಚೀಲ ಅಂತ ಕಟ್ಟುನಿಟ್ಟು. ಅದರಲ್ಲಿ ಒದ್ದೆ ಬಟ್ಟೆಗೆ ಯೂರಿಯಾ ಚೀಲದ ಒಳಗಿನ ಪ್ಲಾಸ್ಟಿಕ್, ಚೆನ್ನಾಗಿ ತೊಳೆದಿದ್ದು. ಒಂದು ಹನಿ ಸೋರಲ್ಲ.

ಮೂಡಿಗೆರೆ, ತೋಟದವನು

ಪುಕ್ಕಟೆ ಬಸ್ಸು! ನಮ್ಮ ತೆರಿಗೆ ದುಡ್ಡಿನಲ್ಲಿ ವಾಟರ್ ಪಾರ್ಕು.

ಅರಸೀಕೆರೆ, ಬಸ್ಸಿನಲ್ಲಿ ಓಡಾಡುವವನು

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ ಸ್ವಾಮಿ. ನಾನು ಪೆಟ್ರೋಲ್‌ನಿಂದ ಹಿಡಿದು ಸೋಪಿನ ತನಕ ಕಟ್ಟುತ್ತೇನೆ. ಈ ವಿಷಯಕ್ಕೆ ಬರಬೇಡಿ.

ಹಾಸನ, ಕೇಳುತ್ತಿರುವವಳು

ಎಲ್ಲರಿಗೂ ಥ್ಯಾಂಕ್ಸ್. ಟವೆಲ್ ಬಗ್ಗೆ ಯಾರೂ ಹೇಳಲೇ ಇಲ್ಲ. ಅತ್ತೆ ಸೀರೆ ಬಿಟ್ಟು ಬೇರೆ ಉಡಲ್ಲ, ಅದಕ್ಕೇನು ಮಾಡೋದು? ದೊಡ್ಡವನಿಗೆ ಯಾವ ಟಿಕೆಟ್ ಬೀಳುತ್ತೆ?

ಚಿಕ್ಕಮಗಳೂರು, ಮೂರು ಮಕ್ಕಳ ತಾಯಿ

ಟರ್ಕಿ ಟವೆಲ್ ಮುಟ್ಟಬೇಡ ಕಣಮ್ಮ. ಒಂದು ಸಲ ಒದ್ದೆಯಾದರೆ ಕಲ್ಲಿನ ಭಾರ. ತೆಳು ಚೌಕ ತೊಗೋ, ಹಿಂಡಿ ಕೊಡವಿದರೆ ಮತ್ತೆ ಒರೆಸಬಹುದು. ಅತ್ತೆ ಸೀರೆಯಲ್ಲಿ ನೀರಿಗಿಳಿಯೋ ಹಾಗಿಲ್ಲ. ನಮ್ಮತ್ತೆ ಇಡೀ ದಿನ ಚಪ್ಪಲಿ, ಚೀಲ ಕಾಯ್ತಾ ನೆರಳಲ್ಲಿ ಕೂತರು. ಅದಕ್ಕೆ ಪೂರ್ತಿ ಟಿಕೆಟ್ ಯಾಕೆ ಕೊಟ್ಟೆ ಅಂತ ಬರೋ ದಾರಿ ಉದ್ದಕ್ಕೂ ನಮ್ಮವರು ಗೊಣಗಿದರು. ಹಿರಿಯರಿಗೆ ಬೇರೆ ರೇಟ್ ಇದೆಯಾ ಅಂತ ಬುಕ್ ಮಾಡುವಾಗಲೇ ನೋಡು.

ಮಕ್ಕಳಿಗೆ ವಯಸ್ಸು ಕೇಳಲ್ಲ, ಎತ್ತರ ಅಳೆಯುತ್ತಾರೆ. ವಂಡರ್‌ಲಾದಲ್ಲಿ 85 ಸೆಂಟಿಮೀಟರ್‌ಗಿಂತ ಕಮ್ಮಿ ಇದ್ದರೆ ಫ್ರೀ, 140ರ ತನಕ ಮಕ್ಕಳ ಟಿಕೆಟ್. ಹೊರಡೋ ಹಿಂದಿನ ದಿನ ಗೋಡೆಗೆ ಒತ್ತಿ ನಿಲ್ಲಿಸಿ ಅಳೆದುಬಿಡು. ಚಪ್ಪಲಿ ಬಿಚ್ಚಿಸು, ಜುಟ್ಟು ಇಳಿಸು. ನಮ್ಮವನು 139 ಇದ್ದ. ಆ ಒಂದು ಸೆಂಟಿಮೀಟರ್‌ಗೋಸ್ಕರ ನಾನು ಬೇಸಿಗೆ ತನಕ ಕಾಯದೆ ಜನವರಿಯಲ್ಲೇ ಹೊರಟಿದ್ದು.

ಹಾಸನ, ಬಟ್ಟೆ ವ್ಯಾಪಾರ

ಜನವರಿ ಚಳಿಯಲ್ಲಿ ನೀರಿಗಿಳಿಸಿ ಮಕ್ಕಳಿಗೆ ನೆಗಡಿ ಬಂದರೆ ಡಾಕ್ಟರ್ ಫೀಸು ಆ ಚೀಟಿಯಲ್ಲಿ ಬರೆದಿದ್ದೀರಾ ಅಕ್ಕ?

ಚಿಕ್ಕಮಗಳೂರು, ಮೂರು ಮಕ್ಕಳ ತಾಯಿ

ಕಾಫಿ ನಾಡಿನ ಮಕ್ಕಳು ಸರ್. ಹಾಸನದವರ ಹಾಗೆ ಡಿಸೆಂಬರ್ ಬಂತು ಅಂತ ಮಫ್ಲರ್ ಸುತ್ತಿಕೊಳ್ಳಲ್ಲ.

ಸಕಲೇಶಪುರ, ಡ್ರೈವರ್

ದಾರಿ ಖರ್ಚು ಯಾರೂ ಹೇಳುತ್ತಿಲ್ಲ. ಹಾಸನದಿಂದ ನೆಲಮಂಗಲ ಮೇಲೆ ಹೋಗಿ, ನೈಸ್ ರೋಡ್ ಹಿಡಿದು ಮೈಸೂರು ರಸ್ತೆಗೆ ಇಳಿಯುತ್ತಾರೆ. ಟೋಲ್ ಮೇಲೆ ಟೋಲ್. ಕುಣಿಗಲ್‌ನಲ್ಲಿ ಬಲಕ್ಕೆ ತಿರುಗಿ ಮಾಗಡಿ ಮೇಲೆ ಬಿಡದಿಗೆ ಹೋಗಿ. ಸುತ್ತೂ ಇಲ್ಲ, ಬೆಂಗಳೂರಿನ ಟ್ರಾಫಿಕ್ಕೂ ಇಲ್ಲ.

ಹಾಸನ, ನಿವೃತ್ತ ಮೇಷ್ಟ್ರು

ಮಾಗಡಿ ರಸ್ತೆಯ ತಿರುವಿನಲ್ಲಿ ಮಕ್ಕಳು ವಾಂತಿ ಮಾಡಿಕೊಂಡರೆ ಬಟ್ಟೆ ಎರಡು ಜೊತೆ ಜಾಸ್ತಿ ಬೇಕು. ಕುಣಿಗಲ್‌ನಿಂದ ಹುಲಿಯೂರುದುರ್ಗದ ಮೇಲೆ ಮದ್ದೂರಿಗೆ ಬನ್ನಿ, ಅಲ್ಲಿಂದ ನೇರ. ಮದ್ದೂರು ವಡೆನೂ ಸಿಗುತ್ತೆ.

ಸಕಲೇಶಪುರ, ಡ್ರೈವರ್

ಮದ್ದೂರಿಗೆ ಹೋಗಿ ಮತ್ತೆ ಬಿಡದಿ ಕಡೆ ತಿರುಗೋದಾ? ಡೀಸೆಲ್ ಯಾರಪ್ಪನ ಮನೆಯದು ಮೇಷ್ಟ್ರೇ? ಅದೂ ಅಲ್ಲದೆ ಎಕ್ಸ್‌ಪ್ರೆಸ್‌ವೇ ಮೇಲೆ ಸುಮ್ಮನೆ ನುಗ್ಗಿದರೆ ಬಿಡದಿ ಬೈಪಾಸ್ ಮೇಲೆ ಹಾರಿ ಕೆಂಗೇರಿ ಕಡೆ ಹೋಗಿಬಿಡುತ್ತೀರಿ. ಮುಂಚೆನೇ ಸರ್ವಿಸ್ ರೋಡಿಗೆ ಇಳಿಯಬೇಕು.

ಹಾಸನ, ನಿವೃತ್ತ ಮೇಷ್ಟ್ರು

ಬೋರ್ಡ್ ಓದಲು ಬರುವವರಿಗೆ ಆ ಸಮಸ್ಯೆ ಇಲ್ಲ.

ಸಕಲೇಶಪುರ, ಡ್ರೈವರ್

ಆಯ್ತು, ನೀವು ಬೋರ್ಡ್ ಓದಿಕೊಂಡು ವಡೆ ತಿಂದುಕೊಂಡು ನಿಧಾನ ಬನ್ನಿ. ಅಷ್ಟರಲ್ಲಿ ನಾನು ಬಿಡದಿಯಲ್ಲಿ ತಟ್ಟೆ ಇಡ್ಲಿ ಮುಗಿಸಿ ಗಾಡಿ ತೊಳೆಯುತ್ತಾ ಇರುತ್ತೇನೆ.